ಭಾರ, ವಿಘ್ನ, ನಿರ್ಬಂಧ: ಕೆಲವು ಪರ್ಯಾಯಪದಗಳ ವಿಚಾರ

॥ ಶ್ರೀಹರಿವಾಯುಗುರುಭ್ಯೋ ನಮಃ ॥

ಚಾತುರ್ಮಾಸ್ಯವು ಬಂದಿತೆಂದರೆ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ನಮ್ಮ ಮಾಧ್ವಗೃಹಗಳಲ್ಲಿ ಒಂದೇ ಆಚರಣೆಗೆ ಮೂರು ಹೆಸರುಗಳು ಕೇಳಿಬರುತ್ತವೆ. ಆಷಾಢ ಶುದ್ಧ ಏಕಾದಶಿಯಿಂದ ಕಾಯಿಪಲ್ಯವನ್ನು ಬಿಡುವ ಶಾಕವ್ರತವು ಮನೆಯ ಹಿರಿಯರ ಬಾಯಲ್ಲಿ ‘ನಿಯಮ’ವಾಗಿರುತ್ತದೆ. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ರಜೆಗೆಂದು ಬಂದ ಮಕ್ಕಳು ಅದನ್ನೇ ‘ನಿರ್ಬಂಧ’ವೆನ್ನುತ್ತಾರೆ. ಬೆಳಗಿನ ಐದು ಗಂಟೆಗೆ ಮಡಿಯುಟ್ಟು ಒಲೆಯ ಮುಂದೆ ಕೂಡುವ ಸೊಸೆಯು ಬಾಯಿಬಿಟ್ಟು ಏನನ್ನೂ ಹೇಳದಿರಬಹುದು. ಆದರೆ ಆಕೆಯ ಮನಸ್ಸಿನಲ್ಲಿ ಅದು ‘ಹೊರೆ’ಯಾಗಿ ಕುಳಿತಿರುವ ಸಂಭವವುಂಟು. ಈ ಮೂರು ಮಾತುಗಳಲ್ಲಿ ಯಾವುದು ಸರಿ ಎಂಬುದನ್ನು ಮನೆಯ ಜಗಲಿಯ ಮೇಲೆ ಕುಳಿತು ವಾದಿಸಿದರೆ ಜಗಳವೇ ಆದೀತು. ಆದುದರಿಂದ ನಾವು ಪ್ರಕೃತ ಲೇಖನದಲ್ಲಿ ಬೇರೊಂದು ದಾರಿಯನ್ನು ಹಿಡಿಯುವೆವು. ಭಾರ, ಅಡ್ಡಿ, ಕಟ್ಟು ಇವುಗಳನ್ನು ಹೇಳುವ ಶಬ್ದಗಳನ್ನೇ ಎದುರಿಗಿಟ್ಟುಕೊಂಡು, ಅವು ಎಲ್ಲಿಂದ ಬಂದವು, ಏನನ್ನು ಹೇಳುತ್ತವೆ ಎಂದು ವಿಚಾರಿಸುವೆವು.

ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡುವ ವಿದ್ಯಾರ್ಥಿಗೆ ಪರ್ಯಾಯಪದಗಳೆಂದರೆ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಿದ್ದಂತೆ. ವಿಘ್ನ, ಅಂತರಾಯ, ಪ್ರತ್ಯೂಹ ಈ ಮೂರನ್ನೂ ಅಮರಸಿಂಹನು ಒಂದೇ ಅರ್ಥದಲ್ಲಿ ಪಠಿಸಿರುವನು. ಕೋಶದ ಕೆಲಸ ಅಷ್ಟಕ್ಕೆ ಮುಗಿಯುತ್ತದೆ. ಆದರೆ ಶಾಸ್ತ್ರದ ಕೆಲಸ ಅಲ್ಲಿಂದ ಆರಂಭವಾಗುತ್ತದೆ. ಯಾವ ಧರ್ಮವನ್ನು ಕಂಡು ಒಂದು ಶಬ್ದವು ಒಂದು ವಸ್ತುವಿನಲ್ಲಿ ಪ್ರವರ್ತಿಸುವುದೋ ಅದಕ್ಕೆ ಪ್ರವೃತ್ತಿನಿಮಿತ್ತವೆಂದು ಹೆಸರು. ವಸ್ತು ಒಂದೇ ಆಗಿದ್ದರೂ ಪ್ರವೃತ್ತಿನಿಮಿತ್ತವು ಬೇರೆಯಾದರೆ ಆ ಎರಡು ಶಬ್ದಗಳು ಕಟ್ಟುನಿಟ್ಟಾಗಿ ಪರ್ಯಾಯಗಳಲ್ಲ. ನಿಯಮ, ನಿರ್ಬಂಧ, ಹೊರೆ ಎಂಬ ಮೂರು ಮಾತುಗಳು ಒಂದೇ ಶಾಕವ್ರತವನ್ನು ಬೆರಳು ಮಾಡಿ ತೋರಿಸಬಹುದು. ತೋರಿಸುವ ನಿಮಿತ್ತ ಮಾತ್ರ ಮೂರೂ ಬೇರೆ.

ಮೊದಲು ‘ಭಾರ’ವನ್ನು ನೋಡೋಣ. ಇದರ ಮೂಲಧಾತುವಿಗೆ ಧಾರಣ ಮತ್ತು ಪೋಷಣ ಎಂಬ ಎರಡು ಅರ್ಥಗಳಿವೆ. ಹೊರುವುದೂ ಅದೇ, ಸಲಹುವುದೂ ಅದೇ. ಆದುದರಿಂದಲೇ ಭಾರ ಎಂಬ ಶಬ್ದ ಹುಟ್ಟಿದ ಧಾತುವಿನಿಂದಲೇ ಭರ್ತಾ ಎಂಬ ಶಬ್ದವೂ ಹುಟ್ಟಿತು, ವಿಶ್ವಂಭರ ಎಂಬ ಭಗವನ್ನಾಮವೂ ಹುಟ್ಟಿತು. ವಿಷ್ಣುಸಹಸ್ರನಾಮದಲ್ಲಿ ‘ಭರ್ತಾ’ ಎಂಬ ನಾಮವಿರುವಂತೆ ‘ಭಾರಭೃತ್’ ಎಂಬ ನಾಮವೂ ಇದೆ. ಭಾರ್ಯಾ ಎಂದರೆ ಭರಿಸಲ್ಪಡತಕ್ಕವಳು. ಭರ್ತಾ ಎಂದರೆ ಭರಿಸತಕ್ಕವನು. ಇದು ವ್ಯಾಕರಣದ ಮಾತು. ನಮ್ಮ ಎಷ್ಟು ಮನೆಗಳಲ್ಲಿ ಯಾರು ಯಾರನ್ನು ಭರಿಸುತ್ತಿರುವರೆಂಬುದನ್ನು ವ್ಯಾಕರಣಕ್ಕೆ ಹೇಳಲು ಬಾರದು. ಅದನ್ನು ವಾಚಕರೇ ತಮ್ಮ ತಮ್ಮ ಅಡಿಗೆಮನೆಯ ಕಡೆಗೆ ನೋಡಿ ತಿಳಿಯಬೇಕು.

ಕನ್ನಡವು ಈ ವಿಷಯದಲ್ಲಿ ಸಂಸ್ಕೃತಕ್ಕಿಂತ ಸೂಕ್ಷ್ಮವಾಗಿ ನಡೆದಿರುವುದು ಸ್ವಾರಸ್ಯಕರವಾಗಿದೆ. ಸಂಸ್ಕೃತದ ಒಂದೇ ಧಾತುವಿನಲ್ಲಿ ಕೂಡಿಕೊಂಡಿರುವ ಎರಡು ಅರ್ಥಗಳಿಗೆ ಹಳಗನ್ನಡದಲ್ಲಿ ಎರಡು ಶಬ್ದಗಳಿದ್ದವು. ಹೊರುವ ವಸ್ತುವಿಗೆ ಶಕಟರೇಫದ ‘ಪೊಱೆ’. ಸಲಹುವುದಕ್ಕೆ ಸಾಮಾನ್ಯ ರೇಫದ ‘ಪೊರೆ’. ಬಳಕೆಯಲ್ಲಿ ಶಕಟರೇಫವು ಅಳಿದು, ಪಕಾರವು ಹಕಾರವಾಗಿ, ಮೊದಲನೆಯದು ಇಂದಿನ ‘ಹೊರೆ’ಯಾಯಿತು. ಎರಡನೆಯದು ದೇವರನ್ನು ಕರೆಯುವ ಮಾತಾಗಿ, ದಾಸರ ಪದಗಳಲ್ಲಿಯೂ ನಮ್ಮ ನಿತ್ಯಪ್ರಾರ್ಥನೆಯಲ್ಲಿಯೂ ‘ಪೊರೆ’ ಎಂದೇ ಉಳಿಯಿತು. ಕಣಿಕೆಯ ಹೊರೆಯನ್ನು ತಲೆಯ ಮೇಲೆ ಹೊತ್ತು ಹೊಲದಿಂದ ಬರುವ ಒಕ್ಕಲಗಿತ್ತಿಗೂ, ಪೊರೆಯೆಂದು ಕೈಮುಗಿಯುವ ಭಕ್ತನಿಗೂ ನಡುವೆ ಇದ್ದದ್ದು ಒಂದು ರೇಫದ ಅಂತರ ಮಾತ್ರ.

ಪೊರೆಗೆ ಇನ್ನೊಂದು ಅರ್ಥವೂ ಉಂಟು. ಹಾವು ಕಳಚುವುದು ಪೊರೆ; ವಯಸ್ಸಾದವರ ಕಣ್ಣಿನ ಮೇಲೆ ಬೆಳೆಯುವುದೂ ಪೊರೆ. ಇಲ್ಲಿ ಅದು ಭಾರವಲ್ಲ, ಆವರಣ. ನಮ್ಮ ಸಿದ್ಧಾಂತದಲ್ಲಿ ಅವಿದ್ಯೆಯನ್ನು ವಿವರಿಸುವಾಗ ಜೀವಾಚ್ಛಾದಿಕಾ, ಪರಮಾಚ್ಛಾದಿಕಾ ಎಂದು ಎರಡು ಬಗೆ ಹೇಳುವರು. ಜೀವನಿಗೆ ತನ್ನ ಸ್ವರೂಪವೇ ಕಾಣದಂತೆ ಮುಚ್ಚುವುದು ಒಂದು, ಪರಮಾತ್ಮನು ಕಾಣದಂತೆ ಮುಚ್ಚುವುದು ಇನ್ನೊಂದು. ಕಣ್ಣಿನ ಪೊರೆಯ ದೃಷ್ಟಾಂತವನ್ನು ಕೊಟ್ಟರೆ ಈ ವಿಷಯವು ಮುದುಕರಿಗೂ ಹುಡುಗರಿಗೂ ಸುಲಭವಾಗಿ ಮನದಟ್ಟಾಗುವುದು. ಪೊರೆ ಬಂದವನ ಕಣ್ಣು ಕಣ್ಣಾಗಿಯೇ ಇರುತ್ತದೆ, ಸೂರ್ಯನೂ ಸೂರ್ಯನಾಗಿಯೇ ಇರುತ್ತಾನೆ, ಪೊರೆಯೂ ಸುಳ್ಳಲ್ಲ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಹೊರೆಗೂ ಹೇರಿಗೂ ಭೇದವಿದೆ. ಹೊರೆಯನ್ನು ತಾನೇ ತಲೆಗೇರಿಸಿಕೊಳ್ಳಬಹುದು; ಹೇರನ್ನು ಎತ್ತಿನ ಬೆನ್ನಿನ ಮೇಲೆ ಇನ್ನೊಬ್ಬರು ಇಡಬೇಕು. ಎತ್ತನ್ನು ಕೇಳಿ ಯಾರೂ ಹೇರು ಹೇರುವುದಿಲ್ಲ. ‘ಹೇರಿಕೆ’ ಎಂಬ ಇಂದಿನ ಪತ್ರಿಕೆಗಳ ಮಾತು ಇದರಿಂದಲೇ ಬಂದಿದ್ದು, ಬಲಾತ್ಕಾರದ ವಾಸನೆಯನ್ನು ತನ್ನೊಡನೆ ಇಟ್ಟುಕೊಂಡಿದೆ. ‘ಹೊಣೆ’ಯ ಕಥೆ ಬೇರೆ. ಅದು ಹಳಗನ್ನಡದ ‘ಪೊಣೆ’. ಇನ್ನೊಬ್ಬರ ಸಲುವಾಗಿ ಜಾಮೀನು ನಿಲ್ಲುವುದು ಅದರ ಮೊದಲಿನ ಅರ್ಥ. ಹೊಣೆ ಹೊತ್ತವನು ಬೇರೆಯವರ ಭಾರವನ್ನು ಬಲ್ಲವನಾಗಿಯೇ ಹೊತ್ತಿರುತ್ತಾನೆ.

ಭಾರವೆಂಬುದು ಯಾವಾಗಲೂ ಹಗುರ ಮಾಡತಕ್ಕ ವಸ್ತುವೇನು? ಮಹಾಭಾರತದ ಆದಿಪರ್ವದಲ್ಲಿ ದೇವತೆಗಳು ನಾಲ್ಕು ವೇದಗಳನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಯೂ ಭಾರತವನ್ನು ಇನ್ನೊಂದರಲ್ಲಿಯೂ ಇಟ್ಟು ತೂಗಿದ ಪ್ರಸಂಗವಿದೆ. ಭಾರತವೇ ತೂಕವಾಯಿತು. ಮಹತ್ತ್ವ ಮತ್ತು ಭಾರವತ್ತ್ವಗಳಿಂದ ಅದಕ್ಕೆ ಮಹಾಭಾರತವೆಂಬ ಹೆಸರು ಬಂದಿತೆಂದು ಅಲ್ಲಿಯೇ ನಿರ್ವಚನವಿದೆ. ನಮ್ಮ ಆಚಾರ್ಯರೂ ಇದನ್ನು ಆದರಿಸಿದ್ದಾರೆ. ಇಲ್ಲಿ ಭಾರವೆಂದರೆ ಗೌರವ. ಗೌರವವೆಂದರೂ ಗುರುತ್ವವೇ, ತೂಕವೇ. ಇನ್ನೊಂದು ಕಡೆ ಅದೇ ಭಾರತದ ಕಥೆಯೆಲ್ಲವೂ ಭೂಭಾರಹರಣದ ಕಥೆ. ದುಷ್ಟರಾಜರ ಸೇನೆಗಳಿಂದ ಭೂದೇವಿಯು ಬಳಲಿದಳು. ಶ್ರೀಕೃಷ್ಣನು ಅವತರಿಸಿ ಭೀಮಸೇನದೇವರನ್ನು ಮುಖ್ಯಸಾಧನವನ್ನಾಗಿ ಮಾಡಿಕೊಂಡು ಆ ಭಾರವನ್ನು ಇಳಿಸಿದನು. ಬೆಟ್ಟ, ಕಾಡು, ಸಮುದ್ರಗಳನ್ನು ಹೊತ್ತ ಭೂದೇವಿಗೆ ಅವು ಭಾರವಾಗಲಿಲ್ಲ. ಅಧರ್ಮದಿಂದ ಆಳುವವರು ಭಾರವಾದರು. ತೂಕ ಹೆಚ್ಚಾದುದೆಲ್ಲವೂ ಹೊರೆಯಲ್ಲ ಎಂಬ ಸಂಗತಿ ಇದರಿಂದ ಹೊರಡುತ್ತದೆ.

ಆಳುವವರ ಭಾರದ ಮಾತು ಬಂದ ಮೇಲೆ ನರಗುಂದವನ್ನು ದಾಟಿ ಹೋಗಲು ಸಾಧ್ಯವಿಲ್ಲ. ಕಪ್ಪಕಾಣಿಕೆ ಎಂದು ನಾವು ಜೋಡಿಸಿ ಹೇಳುತ್ತೇವೆ. ಕಾಣಿಕೆಯು ತಾನಾಗಿ ಕೊಡುವುದು. ಕಪ್ಪವು ಕೊಡದಿದ್ದರೆ ಕೇಡಾಗುವುದೆಂದು ಕೊಡುವುದು. ನರಗುಂದ ಸಂಸ್ಥಾನವು ೧೭೭೮ರಲ್ಲಿ ಹೈದರ್ ಅಲಿಯ ಅಧೀನಕ್ಕೆ ಬಂದು ಕಪ್ಪವನ್ನು ಸಲ್ಲಿಸುತ್ತಿತ್ತು. ಟೀಪು ಸುಲ್ತಾನನು ಮೊದಲಿಗಿಂತ ಹೆಚ್ಚಿನ ಕಪ್ಪವನ್ನು ಕೇಳಿದನು. ವೆಂಕಟರಾವ ಭಾವೆಯು ಒಪ್ಪಲಿಲ್ಲ. ೧೭೮೫ರಲ್ಲಿ ಕೋಟೆಯು ಮುತ್ತಿಗೆಗೆ ಸಿಕ್ಕಿ ಬಿದ್ದಿತು. ಇದರ ಬೆನ್ನಲ್ಲಿಯೇ ಮರಾಠರಿಗೂ ಟೀಪುವಿಗೂ ಯುದ್ಧವಾಗಿ, ಅದು ೧೭೮೭ರಲ್ಲಿ ಗಜೇಂದ್ರಗಡದ ಒಪ್ಪಂದದಲ್ಲಿ ಮುಗಿಯಿತು. ನಮ್ಮ ಸೀಮೆಯ ಒಂದು ಊರಿನ ಮೇಲೆ ಹೇರಿದ ಭಾರವು ಎರಡು ವರ್ಷ ದೊಡ್ಡ ದೊಡ್ಡ ಸೈನ್ಯಗಳನ್ನು ಕದಲಿಸಿ, ನಮ್ಮದೇ ಸೀಮೆಯ ಇನ್ನೊಂದು ಊರಿನ ಹೆಸರಿನ ಕಾಗದದಲ್ಲಿ ಇತ್ಯರ್ಥವಾದುದು ವಿಚಿತ್ರವಾಗಿದೆ.

ಅದೇ ನರಗುಂದದ ಭಾಸ್ಕರರಾವ ಭಾವೆ, ಅಂದರೆ ಬಾಬಾಸಾಹೇಬರ ಕಾಲಕ್ಕೆ ಬಂದುದು ಕಪ್ಪದ ಭಾರವಲ್ಲ, ಪ್ರತಿಬಂಧ. ಅವರಿಗೆ ಮಗನಿರಲಿಲ್ಲ. ದತ್ತಕ ತೆಗೆದುಕೊಳ್ಳಲು ಇಂಗ್ಲಿಷ್ ಸರಕಾರವು ಅನುಮತಿ ಕೊಡಲಿಲ್ಲ. ನಾವು ಇದನ್ನು ಬರಿಯ ರಾಜಕಾರಣವೆಂದು ಓದಿ ಮುಂದೆ ಹೋಗುತ್ತೇವೆ. ಆದರೆ ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಋಣಗಳನ್ನು ನಂಬಿದ ಮನೆತನಕ್ಕೆ ದತ್ತಕವು ಆಸ್ತಿಯ ಪ್ರಶ್ನೆ ಮಾತ್ರವಾಗಿರುವುದಿಲ್ಲ. ಪಿಂಡಪ್ರದಾನದ ಪ್ರಶ್ನೆಯೂ ಆಗಿರುತ್ತದೆ. ಹೊತ್ತ ಋಣವನ್ನು ಇಳಿಸಲು ಹೋಗುವವನ ಕೈಯನ್ನು ಹಿಡಿದಂತಾಯಿತು. ಇದರ ಜೊತೆಗೆ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ. ೧೮೫೮ರ ಮೇ ತಿಂಗಳಿನಲ್ಲಿ ಸುರೇಬಾನದ ಬಳಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ವಧೆಯಾಯಿತು. ಜೂನ್ ತಿಂಗಳಿನಲ್ಲಿ ಕೋಟೆ ಬಿದ್ದು, ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಭಾರವನ್ನು ಬಹುಕಾಲ ಹೊತ್ತ ಜನರೂ ಪ್ರತಿಬಂಧವನ್ನು ಸಹಿಸುವುದಿಲ್ಲ. ಭಾರವು ನಡಿಗೆಯನ್ನು ನಿಧಾನ ಮಾಡುತ್ತದೆ. ಪ್ರತಿಬಂಧವು ದಾರಿಯನ್ನೇ ಮುಚ್ಚುತ್ತದೆ.

ಇನ್ನು ೧೯೮೦ರ ಜುಲೈ ೨೧ನೆಯ ದಿನ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗಳಲ್ಲಿ ಹರಿಯತೊಡಗಿದ ಮೇಲೆ ಅಚ್ಚುಕಟ್ಟಿನ ರೈತರ ಮೇಲೆ ಬೆಟರ್‌ಮೆಂಟ್ ಲೆವಿ, ಅಂದರೆ ಅಭಿವೃದ್ಧಿ ಕರವನ್ನು ವಿಧಿಸಲಾಯಿತು. ಹೆಸರನ್ನು ಗಮನಿಸಬೇಕು. ನಿನ್ನ ಹೊಲವು ಉತ್ತಮವಾಗಿದೆ, ಆದುದರಿಂದ ಕೊಡು ಎಂಬುದು ಅದರ ಪ್ರವೃತ್ತಿನಿಮಿತ್ತ. ಕೆಲವು ಹೊಲಗಳಿಗೆ ನೀರೇ ಸರಿಯಾಗಿ ಮುಟ್ಟಿರಲಿಲ್ಲ. ಎರೆಭೂಮಿಯಲ್ಲಿ ನೀರು ನಿಂತು ಸವಳು-ಜವಳಾದ ಹೊಲಗಳೂ ಇದ್ದವು. ಅಭಿವೃದ್ಧಿಯಿಲ್ಲದ ಕಡೆ ಅಭಿವೃದ್ಧಿ ಕರವೆಂದರೆ ಶಬ್ದವು ತನ್ನ ನಿಮಿತ್ತವನ್ನು ಕಳೆದುಕೊಂಡು ಬರಿಯ ಹೇರಾಗಿ ಉಳಿಯಿತು. ಆ ದಿನ ನರಗುಂದದಲ್ಲಿ ಗೋಲಿಬಾರಾಗಿ ಜೀವಹಾನಿಯಾಯಿತು. ಆ ಹೋರಾಟದ ಕಾವಿನಲ್ಲಿಯೇ ಕರ್ನಾಟಕ ರಾಜ್ಯ ರೈತ ಸಂಘವು ರೂಪುಗೊಂಡಿತು; ನರಗುಂದದಲ್ಲಿ ಪ್ರತಿವರ್ಷ ಆ ದಿನವನ್ನು ರೈತ ಹುತಾತ್ಮ ದಿನವೆಂದು ಆಚರಿಸುತ್ತಾರೆ. ಹೆಚ್ಚಿನ ವರ್ಷಗಳಲ್ಲಿ ಚಾತುರ್ಮಾಸ್ಯದ ದಿನಗಳಲ್ಲಿಯೇ ಬರುವ ಈ ದಿನವನ್ನು ನಮ್ಮ ಪಂಚಾಂಗಗಳು ಗುರುತಿಸುವುದಿಲ್ಲವಾದರೂ, ಧಾನ್ಯವನ್ನು ಉಣ್ಣುವ ನಾವು ಅದನ್ನು ನೆನೆಯುವುದು ಯುಕ್ತವೇ.

ಈಗ ಅಡ್ಡಿಯ ಶಬ್ದಗಳಿಗೆ ಬರೋಣ. ವಿಘ್ನದಲ್ಲಿ ಹನನಾರ್ಥದ ಧಾತುವಿದೆ. ಅದು ಬಂದು ಹೊಡೆಯುತ್ತದೆ. ಅಂತರಾಯವು ಹೊಡೆಯುವುದಿಲ್ಲ, ಅದು ನಡುವೆ ಬಂದು ನಿಲ್ಲುತ್ತದೆ, ಅಷ್ಟೇ. ಜಪಕ್ಕೆ ಕುಳಿತಾಗ ಮನೆಗೆ ಬೆಂಕಿ ಬಿದ್ದರೆ ವಿಘ್ನ. ಟೆಲಿಫೋನು ಬಾರಿಸಿದರೆ ಅಂತರಾಯ. ನಮಗೆ ಇಂದು ಎರಡನೆಯದರ ಕಾಟವೇ ಅಧಿಕ. ಕನ್ನಡದ ‘ತಡೆ’ಯು ‘ತಡ’ದ ಹತ್ತಿರದ ಮಾತು; ತಡೆದವನು ತಡಮಾಡಿಸುತ್ತಾನೆ. ‘ತೊಡಕು’ ಎಂಬ ಮಾತನ್ನು ತಿಳಿಯಬೇಕಾದರೆ ಗಜೇಂದ್ರಗಡದ ಮಗ್ಗಗಳ ಕಡೆಗೆ ಹೋಗಬೇಕು. ಪಟ್ಟೇದ ಅಂಚಿನ ಸೀರೆಯನ್ನು ನೇಯುವ ಆ ಊರಿನಲ್ಲಿ ನೂಲು ಸಿಕ್ಕುಬಿದ್ದರೆ ಎಳೆದು ಬಿಡಿಸುವವನು ದಡ್ಡ. ಎಳೆದಷ್ಟೂ ಗಂಟು ಬಿಗಿಯುತ್ತದೆ. ವಿಘ್ನವನ್ನು ಬಲದಿಂದ ಗೆಲ್ಲಬಹುದು; ತೊಡಕನ್ನು ತಾಳ್ಮೆಯಿಂದ ಬಿಡಿಸಬೇಕು. ಕುಟುಂಬದ ಕಲಹಗಳೆಲ್ಲವೂ ತೊಡಕುಗಳೇ ಹೊರತು ವಿಘ್ನಗಳಲ್ಲವೆಂಬುದು ನಮ್ಮ ಅಭಿಪ್ರಾಯ.

ಮುಂಬಯಿ ಇಲಾಖೆಯಲ್ಲಿ ಬಹುಕಾಲವಿದ್ದ ನಮ್ಮ ಸೀಮೆಯ ಮಾತಿನಲ್ಲಿ ಮರಾಠಿ, ಫಾರಸಿಗಳ ಅಡ್ಡಿಗಳೂ ಸಾಕಷ್ಟಿವೆ. ‘ಅಡಚಣೆ’ ಮರಾಠಿಯ ಸಂಪರ್ಕದ್ದು. ನಮ್ಮಲ್ಲಿ ‘ಸ್ವಲ್ಪ ಅಡಚಣಿ ಅದ’ ಎಂದರೆ ಕೈಯಲ್ಲಿ ದುಡ್ಡಿಲ್ಲವೆಂದು ಕೇಳುವವನು ತಿಳಿಯಬೇಕು. ‘ಹತೋಟಿ’ಯು ಮರಾಠಿಯಲ್ಲಿ ಕೈಚಳಕ; ಕನ್ನಡಕ್ಕೆ ಬಂದು ಅಧಿಕಾರವಾಯಿತು. ‘ಅಭ್ಯಂತರ’ವು ಸಂಸ್ಕೃತದಲ್ಲಿ ಒಳಭಾಗವೆಂಬ ಅರ್ಥದ ನಿರುಪದ್ರವಿ ಶಬ್ದ; ಕನ್ನಡದಲ್ಲಿ ಮಾತ್ರ ಅದು ಆಕ್ಷೇಪಣೆಯಾಗಿದೆ. ಬೀಗರ ಮಾತುಕತೆಯಲ್ಲಿ ‘ನಮ್ಮದೇನೂ ಅಭ್ಯಂತರವಿಲ್ಲ’ ಎಂದು ಹೇಳುವವರ ಒಳಭಾಗದಲ್ಲಿ ಏನೋ ಇದ್ದೇ ಇರುತ್ತದೆಯಾದ್ದರಿಂದ ಮೂಲಾರ್ಥವೂ ಪೂರ್ಣವಾಗಿ ಹೋಗಿಲ್ಲ.

ಗಣಪತಿಯ ವಿಷಯವಾಗಿ ಒಂದು ಮಾತು. ಆತನು ವಿಘ್ನೇಶ್ವರ, ವಿಘ್ನಗಳಿಗೆ ಒಡೆಯ. ಜಗನ್ನಾಥದಾಸರು ಹರಿಕಥಾಮೃತಸಾರದಲ್ಲಿ ವಿಘ್ನೇಶ್ವರ ಸಂಧಿಯೆಂದೇ ಒಂದು ಸಂಧಿಯನ್ನು ರಚಿಸಿದ್ದಾರೆ. ಆತನ ಅಂತರ್ಗತನಾದ ಭಗವದ್ರೂಪಕ್ಕೆ ವಿಶ್ವಂಭರನೆಂದು ಹೆಸರು. ವಿಘ್ನವನ್ನು ಕಳೆಯುವವನ ಒಳಗೆ ವಿಶ್ವವನ್ನು ಹೊತ್ತವನು ನಿಂತಿದ್ದಾನೆ. ಭಾದ್ರಪದ ಶುದ್ಧ ಚೌತಿಯಂದು ಪೂಜೆ ಮಾಡುವಾಗ ಇದು ಅನುಸಂಧಾನದಲ್ಲಿ ಬಂದರೆ ಭಾರ, ವಿಘ್ನ ಎಂಬ ಎರಡು ಶಬ್ದಗಳು ಒಂದೇ ಮೂರ್ತಿಯಲ್ಲಿ ಕೂಡುತ್ತವೆ.

ಆನೆಯ ಹೆಸರನ್ನು ಹೊತ್ತ ಗಜೇಂದ್ರಗಡವು ನಮ್ಮ ನೆರೆಯಲ್ಲಿರುವಾಗ ಭಾಗವತದ ಅಷ್ಟಮಸ್ಕಂಧದ ಗಜೇಂದ್ರನನ್ನು ಬಿಡಲಾಗದು. ಇಂದ್ರದ್ಯುಮ್ನನೆಂಬ ರಾಜನು ಅಗಸ್ತ್ಯರ ಶಾಪದಿಂದ ಆನೆಯಾಗಿದ್ದನು. ಹೂಹೂ ಎಂಬ ಗಂಧರ್ವನು ದೇವಲರ ಶಾಪದಿಂದ ಮೊಸಳೆಯಾಗಿದ್ದನು. ಮೊಸಳೆಗೆ ಅಲ್ಲಿ ‘ಗ್ರಾಹ’ವೆಂಬ ಹೆಸರು, ಹಿಡಿಯುವುದು ಗ್ರಾಹ. ಗಜೇಂದ್ರನ ಜೊತೆಯ ಆನೆಗಳು ಎಳೆದವು, ದಣಿದವು, ಕೈಬಿಟ್ಟವು. ಈಗ ಶಬ್ದಗಳನ್ನು ನೋಡಿರಿ. ಗ್ರಹ, ಆಗ್ರಹ, ದುರಾಗ್ರಹ, ಪರಿಗ್ರಹ, ನಿಗ್ರಹ, ಅನುಗ್ರಹ ಇವೆಲ್ಲವೂ ಹಿಡಿಯುವ ಒಂದೇ ಧಾತುವಿನ ಮಕ್ಕಳು. ಮೊಸಳೆ ಕಾಲನ್ನು ಹಿಡಿದದ್ದು ಗ್ರಹಣ. ಭಗವಂತನು ಗರುಡನಿಂದಿಳಿದು ಆನೆಯನ್ನು ಮೊಸಳೆಯ ಸಹಿತವಾಗಿಯೇ ನೀರಿನಿಂದ ಹಿಡಿದೆತ್ತಿದನು. ಅದೂ ಗ್ರಹಣವೇ, ಆದರೆ ಅದಕ್ಕೆ ಅನುಗ್ರಹವೆಂದು ಹೆಸರು. ಚಕ್ರದಿಂದ ಸೀಳಿಸಿಕೊಂಡ ಮೊಸಳೆಗೆ ಆದುದು ನಿಗ್ರಹವೆಂದು ಕಂಡರೂ ಅದೂ ಶಾಪವಿಮುಕ್ತಿಯಾಗಿ ಅನುಗ್ರಹವೇ ಆಯಿತು. ಹಿಡಿತವೆಲ್ಲವೂ ಕೆಟ್ಟದ್ದೆಂದು ಹೇಳುವವರು, ಹಿಡಿದ ಕೈ ಯಾರದೆಂಬುದನ್ನು ಮೊದಲು ನೋಡಬೇಕಾಗುತ್ತದೆ.

ಬಂಧದ ಶಬ್ದಗಳಂತೂ ಲೆಕ್ಕವಿಲ್ಲದಷ್ಟಿವೆ. ಈ ಪತ್ರಿಕೆಯು ತನ್ನ ವಾಚಕರನ್ನು ‘ಆಸ್ತಿಕ ಬಂಧುಗಳೇ’ ಎಂದು ಕರೆಯುವಾಗ ಕಟ್ಟಿಹಾಕಲ್ಪಟ್ಟವರೇ ಎಂದೇ ಕರೆದಂತಾಗುತ್ತದೆ, ಬಂಧುವಿನಲ್ಲಿರುವುದು ಬಂಧವೇ. ಜಾತ್ರೆಯ ದಿನ ಪೊಲೀಸರು ಮಾಡುವ ‘ಬಂದೋಬಸ್ತು’ ಫಾರಸಿಯಿಂದ ಬಂದುದಾದರೂ ಅದರ ಎರಡು ಭಾಗಗಳೂ ಕಟ್ಟುವುದೆಂಬ ಅರ್ಥದವೇ ಆಗಿ, ನಮ್ಮ ಬಂಧಧಾತುವಿನ ದೂರದ ದಾಯಾದಿಗಳಾಗಿವೆ. ಜಮಾಬಂದಿ, ನಾಕಾಬಂದಿ, ಬಂದ್ ಎಲ್ಲವೂ ಆ ಕಡೆಯ ನೆಂಟರು.

‘ನಿರ್ಬಂಧ’ದಲ್ಲಿ ಮಾತ್ರ ಒಂದು ವಿಶೇಷವಿದೆ. ಇಂದು ನಾವು ಅದನ್ನು ತಡೆ, ಕಟ್ಟಳೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ನಿರ್ಬಂಧವೆಂದರೆ ಹಠ, ಬಿಡದೆ ಒತ್ತಾಯಿಸುವುದು. ನಮ್ಮ ಸೀಮೆಯ ಆಡುಮಾತಿನಲ್ಲಿ ಇದಕ್ಕೆ ಸರಿಯಾದ ಶಬ್ದ ‘ಜುಲುಮಿ’. ಅರಬ್ಬಿಯಲ್ಲಿ ಅದು ಅನ್ಯಾಯ, ದೌರ್ಜನ್ಯ. ನಮ್ಮ ಪಂಕ್ತಿಯಲ್ಲಿ ಹೋಳಿಗೆಯನ್ನು ಹಿಡಿದು ನಿಂತ ವೈನಿಯವರು ‘ಇನ್ನೊಂದು ಹಾಕಿಸ್ಕೊಳ್ರಿ, ಮಾಮಾ’ ಎಂದು ಬಿಡದೆ ಬಡಿಸಿದರೆ ‘ಜುಲುಮಿ ಮಾಡಿ ಬಡಿಸಿದರು’ ಎಂದು ನಾವು ಸಂತೋಷದಿಂದಲೇ ಹೇಳುತ್ತೇವೆ. ಒಂದೇ ಶಬ್ದದಲ್ಲಿ ದೌರ್ಜನ್ಯವೂ ಉಪಚಾರವೂ ಇರಬಲ್ಲವು. ಆದುದರಿಂದ ‘ನಿರ್ಬಂಧ’ವೆಂದು ಮಕ್ಕಳು ಹೇಳಿದಾಗ ಅವರು ದೂರುತ್ತಿರುವುದು ವ್ರತವನ್ನೋ, ಹಿರಿಯರ ಹಠವನ್ನೋ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಬಹುಸಂದರ್ಭಗಳಲ್ಲಿ ಎರಡನೆಯದೇ ಇರುತ್ತದೆ.

ಇಲ್ಲಿ ಸಿದ್ಧಾಂತದ ಮುಖ್ಯವಿಷಯವೊಂದು ಎದುರಾಗುತ್ತದೆ. ಬ್ರಹ್ಮಸೂತ್ರದ ಎರಡನೆಯ ಸೂತ್ರದ ಭಾಷ್ಯದಲ್ಲಿ ಶ್ರೀಮದಾಚಾರ್ಯರು ಜಗತ್ತಿನ ವಿಷಯದಲ್ಲಿ ಭಗವಂತನ ಎಂಟು ವ್ಯಾಪಾರಗಳನ್ನು ಎಣಿಸಿದ್ದಾರೆ: ಸೃಷ್ಟಿ, ಸ್ಥಿತಿ, ಸಂಹಾರ, ನಿಯಮನ, ಜ್ಞಾನ, ಅಜ್ಞಾನ, ಬಂಧ, ಮೋಕ್ಷ. ನಾಲ್ಕನೆಯದು ನಿಯಮನ, ಏಳನೆಯದು ಬಂಧ. ಇವೆರಡೂ ಪರ್ಯಾಯಪದಗಳಾಗಿದ್ದರೆ ಎಣಿಕೆ ಏಳಕ್ಕೆ ನಿಲ್ಲಬೇಕಾಗಿತ್ತು. ಬೇರೆಯಾಗಿ ಎಣಿಸಿರುವುದರಿಂದ ಬೇರೆಯೆಂದೇ ಗ್ರಹಿಸಬೇಕು. ಬಂಧವು ಮೋಕ್ಷದಲ್ಲಿ ಹೋಗುತ್ತದೆ, ನಿಯಮನವು ಹೋಗುವುದಿಲ್ಲ. ಮುಕ್ತಜೀವರೂ ಪರತಂತ್ರರೇ, ಶ್ರೀಹರಿಯ ನಿಯಮನಕ್ಕೆ ಒಳಪಟ್ಟವರೇ. ಆದರೆ ಅವರಿಗೆ ದುಃಖದ ಲೇಶವೂ ಇಲ್ಲ. ಹಾಗಾದರೆ ಒಬ್ಬರ ಅಧೀನದಲ್ಲಿರುವುದೇ ದುಃಖವೆಂಬ ಮಾತು ನಮ್ಮ ಸಿದ್ಧಾಂತಕ್ಕೆ ಒಪ್ಪಿಗೆಯಾಗುವುದಿಲ್ಲ.

ಬಂಧವು ಮಿಥ್ಯೆಯೂ ಅಲ್ಲ. ಬಂಧಮಿಥ್ಯಾತ್ವದ ನಿರಾಕರಣವು ಅನುವ್ಯಾಖ್ಯಾನ, ನ್ಯಾಯಸುಧಾಗಳ ಆರಂಭದಲ್ಲಿಯೇ ಬರುವ ಪ್ರೌಢವಿಚಾರ. ಬಂಧವು ನಿಜವಾಗಿದ್ದರೆ ಜ್ಞಾನದಿಂದ ಹೇಗೆ ಹೋದೀತೆಂದು ಎದುರಾಳಿಯು ಕೇಳುವನು. ಸೆರೆಮನೆಯಲ್ಲಿರುವವನ ಕೋಳವು ನಿಜವಾದ ಕಬ್ಬಿಣದ್ದೇ; ಆದರೂ ರಾಜನು ಪ್ರಸನ್ನನಾದರೆ ಕಳಚುತ್ತದೆ. ಜ್ಞಾನದಿಂದ ಭಗವಂತನ ಪ್ರಸಾದ, ಪ್ರಸಾದದಿಂದ ಬಿಡುಗಡೆ. ಕಣ್ಣಿನ ಪೊರೆಯೂ ಸುಳ್ಳಲ್ಲವೆಂದು ಮೇಲೆ ಹೇಳಿದ್ದು ಇದಕ್ಕಾಗಿಯೇ. ಈ ಮಾತಿಗೆ ವ್ಯವಹಾರದಲ್ಲಿಯೂ ಬೆಲೆಯಿದೆ. ಕಷ್ಟದಲ್ಲಿರುವವರ ಮುಂದೆ ನಿಂತು ‘ಅದೆಲ್ಲಾ ಮನಸ್ಸಿನ ಭ್ರಮೆ’ ಎನ್ನುವುದು ಮಾಧ್ವರ ಬಾಯಿಗೆ ಒಪ್ಪದ ಮಾತು. ಅವರ ಹೊರೆ ನಿಜವಾದದ್ದು, ತೂಕವುಳ್ಳದ್ದು.

ನಿಯಮ, ಸಂಯಮ, ನಿಯಂತಾ, ಅಂತರ್ಯಾಮಿ, ಯಂತ್ರ ಇವೆಲ್ಲವೂ ಯಮಧಾತುವಿನಿಂದ ಬಂದವು. ಸಹಸ್ರನಾಮದಲ್ಲಿ ನಿಯಮ, ಯಮ ಎಂಬುವು ಭಗವಂತನ ನಾಮಗಳೇ ಆಗಿವೆ. ಹಿಡಿದು ನಿಲ್ಲಿಸುವುದು ಇವುಗಳ ಭಾವ. ಆದರೆ ಮನೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ವಿಧಿಸುವ ಕಟ್ಟಳೆಯು ನಿಯಮವೋ, ಹೇರಿಕೆಯೋ ಎಂಬುದನ್ನು ಗುರುತಿಸುವುದು ಹೇಗೆ? ನಾವು ಇದಕ್ಕೆ ವ್ಯಾಕರಣವನ್ನೇ ಪ್ರಮಾಣವಾಗಿ ಹಿಡಿಯುವೆವು. ಸಂಕಲ್ಪ ಮಾಡುವಾಗ ‘ಕರಿಷ್ಯೇ’ ಎನ್ನುತ್ತೇವೆ; ‘ಕರಿಷ್ಯಾಮಿ’ ಎನ್ನುವುದಿಲ್ಲ. ಈ ಧಾತುವು ಉಭಯಪದಿ. ಕ್ರಿಯೆಯ ಫಲವು ಮಾಡುವವನಿಗೇ ಸೇರುವಾಗ ಆತ್ಮನೇಪದ, ಬೇರೆಯವರಿಗೆ ಸೇರುವಾಗ ಪರಸ್ಮೈಪದ ಎಂಬುದು ಅಷ್ಟಾಧ್ಯಾಯಿಯ ಪ್ರಥಮಾಧ್ಯಾಯದ ಮೂರನೆಯ ಪಾದದ ವ್ಯವಸ್ಥೆ. ಪುರೋಹಿತನು ಯಜಮಾನನ ಸಲುವಾಗಿ ಕರ್ಮ ಮಾಡುವಾಗ ‘ಕರಿಷ್ಯಾಮಿ’ ಎನ್ನಬೇಕು. ತನ್ನ ವ್ರತಕ್ಕೆ ‘ಕರಿಷ್ಯೇ’. ಹಾಗಾದರೆ ವ್ರತವೆಂಬುದು ಆತ್ಮನೇಪದದ ವಸ್ತು. ‘ನಾನು ಮಾಡುವೆನು’ ಎಂಬ ಉತ್ತಮಪುರುಷದ ಕ್ರಿಯಾಪದವಿಲ್ಲದೆ ವ್ರತವೇ ಇಲ್ಲ. ‘ನೀನು ಮಾಡು’ ಎಂಬುದರಿಂದ ಸಂಕಲ್ಪವಾಗುವುದಿಲ್ಲ.

ಈ ಅಳತೆಗೋಲನ್ನು ಇಟ್ಟು ನೋಡಿದರೆ ಕೆಲವು ಮನೆಗಳ ಆಚಾರವು ಪರಸ್ಮೈಪದದಲ್ಲಿಯೇ ನಡೆಯುತ್ತಿರುವುದು ಕಾಣುತ್ತದೆ. ಏಕಾದಶಿಯಂದು ಗಂಡಸರು ಕಚೇರಿಯ ಹತ್ತಿರ ಚಹಾ ಫರಾಳಗಳನ್ನು ತೀರಿಸಿಕೊಂಡು ಬಂದು, ಮನೆಯಲ್ಲಿರುವ ಹೆಂಗಸರು ನಿರ್ಜಲವಾಗಿದ್ದುದನ್ನು ಕುಲದ ಕೀರ್ತಿಯೆಂದು ಹೇಳಿಕೊಳ್ಳುವುದುಂಟು. ಹಿಂದಿನ ತಲೆಮಾರುಗಳಲ್ಲಿ ಗಂಡ ಸತ್ತ ಎಳೆಯ ಹೆಣ್ಣುಮಕ್ಕಳ ತಲೆಗೂದಲನ್ನು ತೆಗೆಯಿಸಿ, ಕೆಂಪು ಸೀರೆಯುಡಿಸಿ, ಅಡಿಗೆಮನೆಯ ಮೂಲೆಗೆ ಕೂಡಿಸಿದವರು ಅದನ್ನೂ ನಿಯಮವೆಂದೇ ಕರೆದಿದ್ದರು. ಆ ಹುಡುಗಿಯರಲ್ಲಿ ಎಷ್ಟು ಜನ ‘ಕರಿಷ್ಯೇ’ ಎಂದಿದ್ದರು? ಅದಕ್ಕೆ ಹೇರು ಎಂಬುದೇ ಸರಿಯಾದ ಶಬ್ದ. ಅದು ನಿಂತುಹೋದುದಕ್ಕೆ ಯಾರೂ ಮರುಗಬೇಕಾದುದಿಲ್ಲ.

ಹಾಗೆಂದು ಎಲ್ಲ ಕಟ್ಟಳೆಯೂ ಹೇರಲ್ಲ. ಶಾಸ್ತ್ರವು ಮುಖ್ಯಕಲ್ಪದ ಪಕ್ಕದಲ್ಲಿಯೇ ಅನುಕಲ್ಪವನ್ನೂ ಇಟ್ಟಿದೆ. ಉಪವಾಸದಲ್ಲಿ ಮಕ್ಕಳಿಗೆ, ವೃದ್ಧರಿಗೆ, ರೋಗಿಗಳಿಗೆ ನೀರು, ಹಾಲು, ಹಣ್ಣುಗಳ ಅನುಕಲ್ಪವನ್ನು ಧರ್ಮಶಾಸ್ತ್ರಕಾರರು ಹೇಳಿಯೇ ಇದ್ದಾರೆ. ಸಕ್ಕರೆಕಾಯಿಲೆಯಿದ್ದು ಮಾತ್ರೆ ನುಂಗುವ ಅಜ್ಜಿಯು ವೈದ್ಯರ ಮಾತನ್ನು ಮೀರಿ ನಿರ್ಜಲವಾಗಿರಲು ಹೊರಟರೆ ಮನೆಯವರು ಅನುಕಲ್ಪವನ್ನು ಮುಂದಿಡಬೇಕು. ಅಜ್ಜಿಗೆ ಶಾಸ್ತ್ರವನ್ನು ಬಿಟ್ಟೆನೆಂಬ ಖೇದವೂ ಉಳಿಯದು. ಅಡಿಗೆಮನೆಯಲ್ಲಿಯೂ ಇದೇ ಮಾತು. ಶ್ರಾವಣದಲ್ಲಿ ಮೊಸರು, ಭಾದ್ರಪದದಲ್ಲಿ ಹಾಲು, ಆಶ್ವಿನದಲ್ಲಿ ದ್ವಿದಳಧಾನ್ಯ ಎಂದು ತಿಂಗಳು ತಿಂಗಳಿಗೆ ಬದಲಾಗುವ ವ್ರತದ ಅಡಿಗೆಯನ್ನು ಒಬ್ಬಳೇ ಮಾಡಿ, ವ್ರತವಿಲ್ಲದವರಿಗೆ ಬೇರೆ ಅಡಿಗೆಯನ್ನೂ ಮಾಡಬೇಕಾದರೆ ನಾಲ್ಕು ತಿಂಗಳು ಆಕೆಗೆ ಪುರಾಣ ಕೇಳಲು ಪುರುಸೊತ್ತಾದರೂ ಎಲ್ಲಿಯದು? ವ್ರತ ಹಿಡಿದವರು ಬಾವಿಯ ನೀರನ್ನೋ ನಳದ ನೀರನ್ನೋ ಮಡಿಯಲ್ಲಿ ತಂದಿಡುವುದು, ಬೇಳೆ ಆರಿಸಿಕೊಡುವುದು, ಉಂಡ ಎಲೆಯನ್ನು ತಾವೇ ತೆಗೆಯುವುದು ಯಾವ ಸ್ಮೃತಿಗೂ ವಿರುದ್ಧವಲ್ಲ.

ಕಾರ್ತಿಕಮಾಸದ ನಿಯಾಮಕಮೂರ್ತಿ ದಾಮೋದರ. ದಾಮವೆಂದರೆ ಹಗ್ಗ; ಉದರಕ್ಕೆ ಹಗ್ಗ ಕಟ್ಟಿಸಿಕೊಂಡವನು ದಾಮೋದರ. ಯಶೋದೆಯು ಕಟ್ಟಲು ಹೋದಾಗ ಮನೆಯ ಹಗ್ಗಗಳನ್ನೆಲ್ಲ ಒಂದಕ್ಕೊಂದು ಗಂಟುಹಾಕಿದರೂ ಎರಡು ಬೆರಳಿನಷ್ಟು ಕಡಿಮೆ ಬೀಳುತ್ತಲೇ ಇತ್ತೆಂದು ಭಾಗವತದ ದಶಮಸ್ಕಂಧದಲ್ಲಿ ವರ್ಣಿತವಾಗಿದೆ. ಆಕೆ ಬೆವತು, ತುರುಬು ಬಿಚ್ಚಿ, ದಣಿದುದನ್ನು ಕಂಡು ಕೃಷ್ಣನು ತಾನಾಗಿಯೇ ಕಟ್ಟಿಸಿಕೊಂಡನು. ಬಂಧಕನೂ ಮೋಚಕನೂ ಆದವನು ಬದ್ಧನಾದುದು ಹಗ್ಗದ ಉದ್ದದಿಂದಲ್ಲ. ಅದೇ ದಾಮಶಬ್ದವು ನಮ್ಮ ಒಕ್ಕಲಿಗರ ಮನೆಗಳಲ್ಲಿ ‘ದಾವಣಿ’ಯಾಗಿ ಇಂದಿಗೂ ಉಳಿದಿದೆ, ದನಗಳನ್ನು ಸಾಲಾಗಿ ಕಟ್ಟುವ ಉದ್ದನೆಯ ಹಗ್ಗಕ್ಕೆ ದಾವಣಿಯೆಂದು ಹೆಸರು. ಕಾರ್ತಿಕದ ದೀಪವನ್ನು ಹಚ್ಚುವ ಸಂಜೆಗೆ ಸರಿಯಾಗಿ ನಮ್ಮ ಹಳ್ಳಿಗಳಲ್ಲಿ ದನಗಳು ಹೊಲದಿಂದ ಮರಳಿ ಬಂದು, ಯಾರೂ ಹೊಡೆಯದೆಯೇ, ದಾವಣಿಯಲ್ಲಿ ತಮ್ಮ ತಮ್ಮ ಜಾಗದ ಮುಂದೆ ನಿಲ್ಲುತ್ತವೆ.

॥ ಶ್ರೀಕೃಷ್ಣಾರ್ಪಣಮಸ್ತು ॥